ಯೇಸು ನೋಡಿದ್ದು ಯಾರ ನಂಬಿಕೆಯನ್ನು?

ಪ್ರಶ್ನೆ: ನಾವು ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ಇದ್ದೇವೆ. ಎರಡು ವರ್ಷದ ಹಿಂದೆ ಕರಿಮೆಣಸು ಕೊಯ್ಯುವಾಗ ನಮ್ಮ ಯಜಮಾನರು ಸಿಲ್ವರ್ ಮರಕ್ಕೆ ಇಟ್ಟಿದ್ದ ಏಣಿಯಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲ ಹೋಯಿತು. ಈಚೆಗೆ ಮನೆಗೆ ಪ್ರಾರ್ಥನೆಗೆ ಬಂದ ಒಬ್ಬರು ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ಓದಿದರು. ಯೇಸು ಪಾರ್ಶ್ವವಾಯು ರೋಗಿಗೆ ಮೊದಲು ‘ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಎಂದರು, ಆಮೇಲೆ ‘ಎದ್ದು ನಡೆ’ ಎಂದರು. ಹಾಗಾಗಿ ಮನೆಯಲ್ಲಿ ಮುಚ್ಚಿಟ್ಟ ಪಾಪ ಏನಿದೆ ಎಂದು ಹುಡುಕಿ ಎಂದರು. ನಂಬಿಕೆ ಪೂರ್ತಿ ಇದ್ದರೆ ಇಷ್ಟರಲ್ಲಿ ಎದ್ದಿರಬೇಕಿತ್ತು, ಮಾತ್ರೆ ನುಂಗುವುದೇ ಅಪನಂಬಿಕೆ ಎಂದೂ ಹೇಳಿದರು. ಅವತ್ತಿನಿಂದ ಇವರು ಸರಿಯಾಗಿ ಊಟ ಮಾಡುತ್ತಿಲ್ಲ. ಕಾಯಿಲೆ ಪಾಪದಿಂದ ಬಂದದ್ದಾ? ಇವರ ನಂಬಿಕೆ ಸಾಲದಾಯಿತಾ? ಮಾತ್ರೆ ನಿಲ್ಲಿಸಬೇಕಾ? ಎಂಟನೇ ಕ್ಲಾಸಿನ ನನ್ನ ಮಗನದ್ದೂ ಒಂದು ಪ್ರಶ್ನೆ ಇದೆ: ಆ ಮನೆಯ ಮಾಡು ಒಡೆದರಲ್ಲ, ಅದನ್ನು ಆಮೇಲೆ ಯಾರು ಸರಿ ಮಾಡಿದರು? ಹೆಸರು ಹಾಕಬೇಡಿ.

ಉತ್ತರ: ತಂಗಿ, ಮಾತ್ರೆ ನಿಲ್ಲಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಊಟ ಸೇರದ ಹಾಗೆ ಮಾಡಿರುವುದು ಅದೇ ಅಲ್ವಾ? ನಾನು ಮೂವತ್ತು ವರ್ಷ ಹೊಸ ಒಡಂಬಡಿಕೆಯನ್ನು ಪಾಠ ಮಾಡಿದವನು. ಈ ಹನ್ನೆರಡು ವಚನಗಳನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ರೋಗಿಯ ನಂಬಿಕೆಯನ್ನು ತೂಗಿ ನೋಡುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ನಿಮ್ಮ ಬೈಬಲ್ ತೆಗೆದು 5ನೇ ವಚನ ನೋಡಿ. ಯೇಸು ‘ಅವರ’ ನಂಬಿಕೆಯನ್ನು ನೋಡಿ ಮಾತಾಡಿದರು ಎಂದಿದೆ. ‘ಅವನ’ ಎಂದಿಲ್ಲ. ಗ್ರೀಕ್ ಮೂಲದಲ್ಲೂ ಅದು ಬಹುವಚನವೇ. ಅವರು ಅಂದರೆ ಯಾರು? ಮೊದಲಿಗೆ, ಹೊತ್ತು ತಂದ ನಾಲ್ಕು ಜನ. ಮಲಗಿದ್ದವನನ್ನೂ ಸೇರಿಸಿ ಐದು ಜನ ಎಂದು ಓದುವವರೂ ಇದ್ದಾರೆ, ಹಾಗೆ ಓದಿದರೂ ತಪ್ಪಿಲ್ಲ. ಆದರೆ ಕಣ್ಣಿಗೆ ಕಂಡದ್ದು ಏನು? ಯೇಸು ಇದ್ದ ಮನೆ ತುಂಬಿ ಜನ ದಾರಿ ಬಿಡದೇ ಇದ್ದಾಗ ಮಾಡು ಹತ್ತಿ, ಅಗೆದು, ಹಾಸಿಗೆಯನ್ನು ಕೆಳಗೆ ಇಳಿಸಿದ್ದು. ಅದು ಆ ನಾಲ್ವರ ಕೆಲಸ. ಮಲಗಿದ್ದವನ ಬಾಯಿಂದ ಮಾರ್ಕ ಒಂದು ಮಾತನ್ನೂ ಆಡಿಸುವುದಿಲ್ಲ. ‘ನಂಬುತ್ತೇನೆ’ ಎಂದು ಅವನು ಹೇಳಲಿಲ್ಲ. ‘ನಂಬುತ್ತೀಯಾ’ ಎಂದು ಅವನನ್ನು ಯಾರೂ ಕೇಳಲಿಲ್ಲ.

2018ರ ಆಗಸ್ಟ್ ನಿಮಗೆ ನೆನಪಿರಬೇಕು. ಮಡಿಕೇರಿಯ ಸುತ್ತ ಗುಡ್ಡ ಕುಸಿದಾಗ ನಡೆಯಲಾಗದವರನ್ನು ಕಂಬಳಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮೊಣಕಾಲವರೆಗೆ ಕೆಸರು. ಮುಂದೆ ಹಿಡಿದವನು ಜಾರಿದರೆ ಹಿಂದಿನವನು ಭಾರ ತಾಳಿಕೊಳ್ಳಬೇಕು. ಹೊತ್ತವರ ಅಂಗೈಯಲ್ಲಿ ಕಂಬಳಿಯ ಮೂಲೆ ಒತ್ತಿ ಕೆಂಪು ಗೆರೆ ಬಿದ್ದಿತ್ತು. ಆ ಹೊತ್ತಿನಲ್ಲಿ ಕಂಬಳಿಯಲ್ಲಿದ್ದ ಅಜ್ಜಿಗೆ ‘ನಿನಗೆ ಧೈರ್ಯ ಇದೆಯಾ’ ಎಂದು ಯಾರಾದರೂ ಕೇಳಿದರಾ? ಧೈರ್ಯ ಇರಬೇಕಾಗಿದ್ದು ಹೊತ್ತವರಿಗೆ. ಕಪೆರ್ನೌಮ್ ಎಂಬ ಊರಿನಲ್ಲಿ ನಡೆದ ಈ ಕತೆಯೂ ಹಾಗೆಯೇ ಇದೆ.

ಇದೊಂದೇ ಕಡೆ ಹೀಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಆದರೆ ಸುವಾರ್ತೆಗಳಲ್ಲಿ ಹುಡುಕುತ್ತಾ ಹೋಗಿ. ಸೈನ್ಯದ ಒಬ್ಬ ಶತಾಧಿಪತಿ ಬಂದು ಕೇಳಿದ, ವಾಸಿಯಾದದ್ದು ಮನೆಯಲ್ಲಿದ್ದ ಆಳು. ಸುರೋಫೊಯಿನಿಕೆಯ ಹೆಂಗಸು ಹಟ ಹಿಡಿದಳು, ಗುಣವಾದದ್ದು ಅವಳ ಮಗಳು. ನಾಯಿನ್ ಊರಿನ ವಿಧವೆ ಏನನ್ನೂ ಕೇಳಲೇ ಇಲ್ಲ. ಮಗನ ಹೆಣದ ಹಿಂದೆ ಅಳುತ್ತಾ ನಡೆಯುತ್ತಿದ್ದಳು, ಯೇಸುವಿಗೆ ಕರುಳು ಚುರುಕ್ ಅಂದಿತು, ಮಗನನ್ನು ಎಬ್ಬಿಸಿದರು, ಅಷ್ಟೇ. ಯೇಸುವನ್ನು ಹಿಡಿಯಲು ಬಂದ ಗುಂಪಿನಲ್ಲಿ ಒಬ್ಬ ಆಳಿನ ಕಿವಿ ಕತ್ತರಿಸಿಹೋಯಿತು. ಅದನ್ನೂ ಯೇಸು ಮುಟ್ಟಿ ವಾಸಿಮಾಡಿದರು ಎಂದು ಲೂಕ 22ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಅವನಿಗೆ ಯಾವ ನಂಬಿಕೆ ಇತ್ತು? ಅವನು ಬಂದಿದ್ದೇ ಯೇಸುವನ್ನು ಹಿಡಿದುಕೊಂಡು ಹೋಗಲು.

‘ನಿನ್ನ ನಂಬಿಕೆಯೇ ನಿನ್ನನ್ನು ವಾಸಿಮಾಡಿತು’ ಎಂಬ ಮಾತೂ ಬೈಬಲಿನಲ್ಲಿ ಇದೆಯಲ್ಲ ಎಂದು ನಿಮ್ಮ ಮನೆಗೆ ಬಂದವರು ಹೇಳಬಹುದು. ಇದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ ಯೇಸು ಆ ಮಾತು ಹೇಳಿದರು. ಕುರುಡ ಬಾರ್ತಿಮಾಯನಿಗೂ ಹೇಳಿದರು. ಆದರೆ ಅದು ಬೆನ್ನು ತಟ್ಟುವ ಮಾತು. ‘ನಿನ್ನ ನಂಬಿಕೆ ಕಡಿಮೆ, ಅದಕ್ಕೇ ನೀನು ಏಳುತ್ತಿಲ್ಲ’ ಎಂದು ಯೇಸು ಯಾವ ರೋಗಿಗೂ ಹೇಳಿದ್ದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಮತ್ತಾಯ 17ನೇ ಅಧ್ಯಾಯದಲ್ಲಿ ಒಬ್ಬ ಹುಡುಗನನ್ನು ಗುಣಮಾಡಲು ಶಿಷ್ಯರ ಕೈಯಲ್ಲಿ ಆಗುವುದಿಲ್ಲ, ಕೊನೆಗೆ ಯೇಸುವೇ ವಾಸಿಮಾಡುತ್ತಾರೆ. ಆಗ ಅಲ್ಪವಿಶ್ವಾಸ ಎಂದು ಬೈಸಿಕೊಂಡವರು ಯಾರು ಗೊತ್ತಾ? ವಾಸಿಮಾಡಲು ಹೋದ ಶಿಷ್ಯರು! ಹುಡುಗನಿಗೆ ಒಂದು ಮಾತೂ ಇಲ್ಲ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲೂ ರೋಗಿ ಮಾಡಬೇಕಾದ ಕೆಲಸ ಒಂದೇ, ಸಭೆಯ ಹಿರಿಯರನ್ನು ಕರೆಸುವುದು. ಎಣ್ಣೆ ಹಚ್ಚಿ, ನಂಬಿಕೆಯಿಂದ ಪ್ರಾರ್ಥಿಸುವುದು ಬಂದವರ ಕೆಲಸ. ನಿಮ್ಮ ಮನೆಗೆ ಬಂದವರು ತಮ್ಮ ಹೆಗಲ ಮೇಲಿನ ಭಾರವನ್ನು ಮಲಗಿರುವವನ ಎದೆಯ ಮೇಲೆ ಇಟ್ಟು ಹೋಗಿದ್ದಾರೆ. ಇದು ನನಗೆ ತುಂಬಾ ನೋವಿನ ವಿಷಯ. ನನ್ನ ತಾಯಿ ಕೊನೆಯ ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದರು. ಅವರಿಗೂ ಒಬ್ಬರು ಇದೇ ಮಾತು ಹೇಳಿಹೋದರು. ಆ ರಾತ್ರಿ ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಯೇಸು ಮಹತ್ಕಾರ್ಯ ಮಾಡಲಾಗಲಿಲ್ಲ ಎಂದು ಮಾರ್ಕ 6ನೇ ಅಧ್ಯಾಯದಲ್ಲಿ ಬರುತ್ತದೆ. ಅದನ್ನೂ ಕೆಲವರು ರೋಗಿಗಳ ಮೇಲೆ ಎಸೆಯುತ್ತಾರೆ. ಪೂರ್ತಿ ಓದಿ. ಅಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದರು ಎಂದಿದೆ. ನಂಬದೇ ಇದ್ದವರು ‘ಇವನು ಬಡಗಿಯಲ್ಲವೇ’ ಎಂದು ಮೂಗು ಮುರಿದ ಊರಿನವರು.

ಇನ್ನು ಪಾಪದ ಮಾತಿಗೆ ಬರೋಣ. ನಮ್ಮ ಕನ್ನಡದಲ್ಲಿ ಈ ಪದ ಎರಡು ಕಡೆ ಎಳೆಯುತ್ತದೆ. ಯಾರಾದರೂ ಬಿದ್ದರು ಅಂದರೆ ‘ಅಯ್ಯೋ ಪಾಪ’ ಅನ್ನುತ್ತೇವೆ. ಅದು ಮರುಕ. ಅದೇ ಬಾಯಲ್ಲಿ ‘ಯಾವ ಜನ್ಮದ ಪಾಪವೋ’ ಅಂತಲೂ ಅನ್ನುತ್ತೇವೆ. ಅದು ತೀರ್ಪು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಚಿಕ್ಕಂದಿನಿಂದ ಕಿವಿಗೆ ಬಿದ್ದಿದೆ. ಹಾಗಾಗಿ ಹಾಸಿಗೆ ಹಿಡಿದವನ ಮುಂದೆ ಯೇಸು ‘ಪಾಪ’ ಎಂದ ಕೂಡಲೇ ನಮ್ಮ ತಲೆ ‘ಓ, ಅದಕ್ಕೇ ಹೀಗಾಯಿತು’ ಎಂದು ಲೆಕ್ಕ ಹಾಕಿಬಿಡುತ್ತದೆ. ಯೇಸು ಹಾಗೆ ಹೇಳಲಿಲ್ಲ. ಪಾಪದಿಂದ ಕಾಯಿಲೆ ಬಂತು ಎನ್ನುವ ವಾಕ್ಯ ಆ ಅಧ್ಯಾಯದಲ್ಲಿ ಇಲ್ಲ. ಅದನ್ನು ಸೇರಿಸುವವರು ನಾವು.

ಶಿಷ್ಯರೂ ನಮ್ಮ ಹಾಗೇ ಯೋಚಿಸುತ್ತಿದ್ದರು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ, ಇವನು ಪಾಪ ಮಾಡಿದನೋ ಇವನ ಅಪ್ಪ ಅಮ್ಮ ಮಾಡಿದರೋ ಎಂದು ಕೇಳುತ್ತಾರೆ. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂದು ಯೇಸು ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಜನರ ಮಾತು ಬರುತ್ತದೆ. ಅವರು ಊರಿನ ಉಳಿದವರಿಗಿಂತ ಜಾಸ್ತಿ ತಪ್ಪು ಮಾಡಿದವರಾ? ಇಲ್ಲ ಎನ್ನುತ್ತಾರೆ ಯೇಸು. ಗೋಪುರ ಬಿತ್ತು, ಕೆಳಗಿದ್ದವರು ಸತ್ತರು. ನಿಮ್ಮ ಯಜಮಾನರದ್ದೂ ಅದೇ ತರಹದ ವಿಷಯ. ಏಣಿ ಜಾರಿತು, ಮನುಷ್ಯ ಬಿದ್ದ.

ಒಂದು ವಚನವನ್ನು ನಿಮ್ಮಿಂದ ಮುಚ್ಚಿಡಬಾರದು. ಯೋಹಾನ 5ರಲ್ಲಿ 38 ವರ್ಷ ಕಾಯಿಲೆಯಲ್ಲಿದ್ದವನಿಗೆ, ವಾಸಿಯಾದ ಮೇಲೆ, ‘ಇನ್ನು ಪಾಪ ಮಾಡಬೇಡ, ಹೆಚ್ಚಿನ ಕೇಡು ಬಂದೀತು’ ಎಂದು ಯೇಸು ಹೇಳುತ್ತಾರೆ. ಕೆಲವು ಸಲ ನಾವು ಮಾಡಿದ್ದೇ ನಮ್ಮ ಮೈಗೆ ಬರುತ್ತದೆ. ಕುಡಿದು ಕುಡಿದು ಲಿವರ್ ಹಾಳು ಮಾಡಿಕೊಂಡವರನ್ನು ಕೊಡಗಿನಲ್ಲಿ ನಾವು ಕಂಡಿಲ್ಲವೇ? ಆದರೆ ಒಬ್ಬನಿಗೆ ಹೇಳಿದ್ದನ್ನು ಎಲ್ಲರ ಹಣೆಗೂ ಅಂಟಿಸಲಾಗದು. ಹಾಗೆ ಅಂಟಿಸಬಾರದು ಎನ್ನಲಿಕ್ಕೇ ಅದೇ ಯೋಹಾನ ನಾಲ್ಕು ಅಧ್ಯಾಯ ದಾಟಿ ಹುಟ್ಟುಕುರುಡನ ಕತೆ ಬರೆದ ಅಂತ ನನಗೆ ಅನಿಸುತ್ತದೆ.

ಹಾಗಾದರೆ ಯೇಸು ಮೊದಲು ಕ್ಷಮೆಯ ಮಾತು ಯಾಕೆ ಆಡಿದರು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇಡೀ ಅಧ್ಯಾಯದ ಗಂಟು ಇರುವುದೇ ಇಲ್ಲಿ.

ಮೊದಲ ಪದ ‘ಪಾಪ’ ಅಲ್ಲ, ‘ಮಗನೇ’. ಊರವರು ದಾರಿ ಬಿಡದೇ ಇದ್ದ ಮನುಷ್ಯನನ್ನು ಯೇಸು ಮಗನೇ ಎಂದು ಕರೆದರು. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ‘ಕ್ಷಮಿಸು’ ಎಂಬುದಕ್ಕೆ ಗ್ರೀಕಿನಲ್ಲಿರುವ ಪದ ‘ಅಫಿಯೆಮಿ’. ಅದರ ಅರ್ಥ ಬಿಟ್ಟುಬಿಡು, ಹೋಗಲು ಬಿಡು. ಸಾಲ ಬಿಡುವುದಕ್ಕೂ ಅದೇ ಪದ. ಮತ್ತಾಯ 18ರಲ್ಲಿ ಅರಸ ಆಳಿನ ಸಾಲ ಬಿಟ್ಟನಲ್ಲ, ಅಲ್ಲೂ ಅದೇ. ತೋಟದ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಗೆದುಕೊಂಡ ಅಡ್ವಾನ್ಸನ್ನು ಬುಕ್ಕಿನಲ್ಲಿ ಗೆರೆ ಎಳೆದು ಹೊಡೆದು ಹಾಕಿದರೆ ಹೇಗಿರುತ್ತದೆ? ಯೇಸು ಹೇಳಿದ್ದು ಆ ತರಹದ ಮಾತು. ನಿನ್ನ ಮೇಲೆ ಯಾವ ಬಾಕಿಯೂ ಇಲ್ಲ, ಮಗನೇ. ಬಾಕಿ ಹುಡುಕಿ ತೆಗೆಯಿರಿ ಎಂದು ನಿಮ್ಮ ಮನೆಯಲ್ಲಿ ಹೇಳಿದ್ದು ಇದಕ್ಕೆ ಪೂರಾ ಉಲ್ಟಾ.

ಆ ಮಾತು ಕೇಳಿದ ಕೂಡಲೇ ಅಲ್ಲಿ ಕೂತಿದ್ದ ಶಾಸ್ತ್ರಿಗಳು, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಬಲ್ಲವರು, ಮನಸ್ಸಿನಲ್ಲೇ ಕುದಿದರು. ಸುಮ್ನೆ ಹೊಟ್ಟೆಕಿಚ್ಚು ಎಂದು ಅವರನ್ನು ತಳ್ಳಿಹಾಕಬೇಡಿ, ಅವರ ಪ್ರಶ್ನೆ ಸರಿಯಾದದ್ದೇ. ಪಾಪ ಕ್ಷಮಿಸುವುದು ದೇವರಿಗೆ ಮಾತ್ರ ಸೇರಿದ್ದು. ಅದಕ್ಕೆ ಯೆರೂಸಲೇಮಿನ ದೇವಾಲಯ ಇತ್ತು, ಯಾಜಕರಿದ್ದರು, ಬಲಿಗಳಿದ್ದವು. ಗಲಿಲಾಯದ ಒಂದು ಮನೆಯಲ್ಲಿ, ಮಣ್ಣು ಉದುರುತ್ತಿರುವಾಗ, ಒಬ್ಬ ಮನುಷ್ಯ ಇದನ್ನು ಹೇಳಿದರೆ? ಹೇಳಿದವನು ದೇವದೂಷಕ, ಇಲ್ಲವೇ ಬೇರೆ ಯಾರೋ ಆಗಿರಬೇಕು.

ಆಗ ಯೇಸು ಕೇಳುತ್ತಾರೆ: ಯಾವುದು ಸುಲಭ? ‘ಕ್ಷಮಿಸಿದೆ’ ಅನ್ನುವುದೋ, ‘ಎದ್ದು ನಿನ್ನ ಹಾಸಿಗೆ ಹೊತ್ತುಕೊಂಡು ನಡೆ’ ಅನ್ನುವುದೋ? ಬಾಯಲ್ಲಿ ಹೇಳಲು ಮೊದಲನೆಯದೇ ಸುಲಭ. ಕ್ಷಮೆ ಸಿಕ್ಕಿತೋ ಇಲ್ಲವೋ ಯಾರು ನೋಡಿದರು? ಎರಡನೆಯದು ಹಾಗಲ್ಲ. ಕಾಲು ಎದ್ದಿತಾ ಇಲ್ಲವಾ ಅಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ದೊಡ್ಡ ಕೆಲಸಕ್ಕೆ ಕಣ್ಣಿಗೆ ಕಾಣುವ ಕೆಲಸವನ್ನು ಗುರುತಾಗಿ ಮಾಡಿ ತೋರಿಸಿದರು. ಮನುಷ್ಯಕುಮಾರನಿಗೆ (ಯೇಸು ತಮ್ಮನ್ನೇ ಹೀಗೆ ಕರೆದುಕೊಳ್ಳುತ್ತಿದ್ದರು) ಭೂಮಿಯ ಮೇಲೆ ಪಾಪ ಕ್ಷಮಿಸುವ ಅಧಿಕಾರ ಉಂಟೆಂದು ನಿಮಗೆ ತಿಳಿಯಲಿ ಎಂಬ 10ನೇ ವಚನದ ಮಾತು ಅದೇ. ಕಾಲಿಗೆ ಬಲ ಬಂದದ್ದು ಆ ಅಧಿಕಾರಕ್ಕೆ ಸಾಕ್ಷಿ.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಇಲ್ಲಿ ಶಾಸ್ತ್ರಿಗಳು ಮನಸ್ಸಿನಲ್ಲೇ ಅಂದುಕೊಂಡ ‘ದೇವದೂಷಣೆ’ ಎಂಬ ಆರೋಪವೇ ಮಾರ್ಕ 14ರಲ್ಲಿ ಮಹಾಯಾಜಕನ ಬಾಯಲ್ಲಿ ಮತ್ತೆ ಬರುತ್ತದೆ, ಅದರ ಮೇಲೇ ಮರಣದ ತೀರ್ಪು. 3ನೇ ಅಧ್ಯಾಯದ 6ನೇ ವಚನಕ್ಕೆ ಬರುವಷ್ಟರಲ್ಲೇ ಕೊಲ್ಲುವ ಮಾತುಕತೆ ಶುರು. ಒಬ್ಬನನ್ನು ಎಬ್ಬಿಸಲು ಹೋದವರು ತಾವೇ ಶಿಲುಬೆಯ ದಾರಿ ಹಿಡಿದರು. ಇನ್ನೊಂದು ಮಾತು. ‘ಏಳು’ ಎಂದು ರೋಗಿಗೆ ಹೇಳಿದ ಪದ ‘ಎಗೈರೆ’. 16ನೇ ಅಧ್ಯಾಯದಲ್ಲಿ ಖಾಲಿ ಸಮಾಧಿಯ ಹತ್ತಿರ ‘ಅವರು ಎದ್ದಿದ್ದಾರೆ’ ಎನ್ನಲು ಮಾರ್ಕ ಬಳಸುವುದೂ ಅದೇ ಕ್ರಿಯಾಪದ. ಕನ್ನಡದಲ್ಲೂ ಎರಡೂ ಕಡೆ ‘ಏಳು’ ಎಂಬುದೇ ಬರುತ್ತದೆ, ನಮಗೆ ಅದು ಪುಣ್ಯ. ಹಾಗಾಗಿ ಈ ಕತೆ ಒಬ್ಬನ ಕಾಲಿನಷ್ಟಕ್ಕೆ ಮುಗಿಯುವುದಿಲ್ಲ. ಕೊನೆಗೆ ಎಲ್ಲರನ್ನೂ ಎಬ್ಬಿಸುತ್ತೇನೆ ಎಂಬ ಮಾತಿಗೆ ಇದು ಮುಂಗಡ. ಮೊದಲ ಕಾಲದ ಕ್ರೈಸ್ತರು ಹಾಗೇ ಓದಿಕೊಂಡರು ಅಂತ ಕಾಣುತ್ತದೆ. ಸಿರಿಯಾದ ದುರಾ ಯುರೋಪೋಸ್ ಎಂಬ ಊರಿನಲ್ಲಿ 3ನೇ ಶತಮಾನದ ಒಂದು ಸಭಾಮನೆ ಸಿಕ್ಕಿದೆ. ಅದರಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಕೋಣೆಯ ಗೋಡೆಯ ಮೇಲೆ ಇದೇ ಮನುಷ್ಯ ಮಂಚವನ್ನು ಬೆನ್ನ ಮೇಲೆ ಹೊತ್ತು ನಡೆಯುವ ಚಿತ್ರವಿತ್ತು. ನಮಗೆ ಸಿಕ್ಕಿರುವ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಅದೂ ಒಂದು.

ನೀವು ಬರೆಯದೇ ಬಿಟ್ಟ ಪ್ರಶ್ನೆಯೂ ಇದೆ. ಅವನು ಎದ್ದ, ನಮ್ಮವರು ಯಾಕೆ ಏಳಲಿಲ್ಲ? ಇದಕ್ಕೆ ಬೈಬಲ್ ಕಾರಣ ಕೊಡುವುದಿಲ್ಲ. ಯಾರಾದರೂ ಕೊಟ್ಟರೆ ಅದು ಅವರ ಸ್ವಂತದ್ದು. ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ತನ್ನ ಮೈಯಲ್ಲಿ ನಾಟಿದ್ದ ಮುಳ್ಳನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ, ದೇವರು ತೆಗೆಯಲಿಲ್ಲ. ‘ನನ್ನ ಕೃಪೆ ನಿನಗೆ ಸಾಕು’ ಎಂಬ ಉತ್ತರ ಸಿಕ್ಕಿತು, ಮುಳ್ಳು ಅಲ್ಲೇ ಉಳಿಯಿತು. ತ್ರೊಫಿಮನು ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿದೆ. ಪೌಲನ ಸಂಗಡಿಗನೇ ವಾಸಿಯಾಗಲಿಲ್ಲ! ಅವನ ನಂಬಿಕೆ ಕಡಿಮೆ ಎಂಬ ಒಂದಕ್ಷರವೂ ಅಲ್ಲಿ ಇಲ್ಲ.

ಮಾತ್ರೆಯ ವಿಷಯ ಉದ್ದ ಎಳೆಯುವುದಿಲ್ಲ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಯನಿಗೆ ಮೊದಲ ಪತ್ರದಲ್ಲಿ ಸಲಹೆ ಇದೆ. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದ. ಕೊಲೊಸ್ಸೆಯ ಪತ್ರದಲ್ಲಿ ಲೂಕನಿಗೆ ‘ಪ್ರಿಯ ವೈದ್ಯ’ ಎಂದೇ ಹೆಸರು. ಮಾತ್ರೆ, ಫಿಜಿಯೋಥೆರಪಿ, ಡಾಕ್ಟರ್ ಹೇಳಿದ ಹಾಗೆ ಆಗಾಗ ಮಗ್ಗುಲು ಬದಲಿಸಿ ಬೆಡ್ ಸೋರ್ ಆಗದ ಹಾಗೆ ನೋಡಿಕೊಳ್ಳುವುದು, ಇದೆಲ್ಲ ಹಾಸಿಗೆಯ ಒಂದು ಮೂಲೆ ಹಿಡಿದ ಹಾಗೆ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.

ನಿಮ್ಮ ಪತ್ರದಿಂದ ಗೊತ್ತಾಗುವುದು ಏನೆಂದರೆ, ಎರಡು ವರ್ಷದಿಂದ ಆ ಹಾಸಿಗೆಯ ನಾಲ್ಕು ಮೂಲೆಯನ್ನೂ ನೀವೊಬ್ಬರೇ ಹಿಡಿದಿದ್ದೀರಿ. ಕತೆಯಲ್ಲಿ ನಾಲ್ಕು ಜನ ಇದ್ದರು. ನಿಮ್ಮ ಸಭೆಯ ಹಿರಿಯರಿಗೂ ಗುರುಗಳಿಗೂ ಈ ಉತ್ತರ ತೋರಿಸಿ. ವಾರಕ್ಕೆ ಎರಡು ದಿನ ಯಾರಾದರೂ ಬಂದು ಅವರನ್ನು ಎತ್ತಿ ಕೂರಿಸಲಿ, ಆಸ್ಪತ್ರೆಗೆ ಹೋಗುವ ದಿನ ಜೀಪು ನಿಲ್ಲುವ ತನಕ ಹೊರಲಿ. ಪ್ರಾರ್ಥನೆಯನ್ನೂ ಆಗ ಮಾಡಲಿ.

ಈಗ ನಿಮ್ಮ ಹುಡುಗನಿಗೆ. ಮಗು, ಲೂಕನ ಸುವಾರ್ತೆಯಲ್ಲಿ ಅವರು ಹೆಂಚು ತೆಗೆದು ಇಳಿಸಿದರು ಎಂದಿದೆ. ಮಾರ್ಕ ಮಾಡನ್ನು ಅಗೆದರು ಎಂಬ ಪದ ಬಳಸುತ್ತಾನೆ. ಕಪೆರ್ನೌಮಿನಲ್ಲಿ ಅಗೆತ ಮಾಡಿದಾಗ ಸಿಕ್ಕಿದ್ದು ಕಪ್ಪು ಕಲ್ಲಿನ ಚಿಕ್ಕ ಚಿಕ್ಕ ಮನೆಗಳು. ಮೇಲೆ ಮರದ ತೊಲೆ, ಅದರ ಮೇಲೆ ರೆಂಬೆ, ಜೊಂಡು, ಮೇಲೆ ಮಣ್ಣು ಮೆತ್ತಿದ ಮಾಡು. ಹತ್ತಲು ಹೊರಗಿನಿಂದ ಮೆಟ್ಟಿಲು. ಲೂಕ ಬರೆದದ್ದು ಪಟ್ಟಣದವರಿಗೆ, ಅವರ ಮನೆಗಳ ಮೇಲೆ ಹೆಂಚಿತ್ತು. ಕೇಳುವವರಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಚಿಕ್ಕವನಿದ್ದಾಗ ನಾನೂ ಮಂಗಳೂರು ಹೆಂಚನ್ನೇ ನೆನೆಸಿಕೊಳ್ಳುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಅಪ್ಪ ಒಡೆದ ಹೆಂಚು ಬದಲಿಸಲು ಮೇಲೆ ಹತ್ತುತ್ತಿದ್ದರು. ಒಂದು ಹೆಂಚು ಸರಿಸಿದರೆ ಸಾಕು, ಕತ್ತಲೆ ಅಡುಗೆಮನೆಗೆ ಬಿಸಿಲಿನ ಕೋಲು ಬೀಳುತ್ತಿತ್ತು, ಅದರಲ್ಲಿ ಧೂಳು ಕುಣಿಯುತ್ತಿತ್ತು. ಯೇಸುವಿನ ತಲೆಯ ಮೇಲೂ ಹಾಗೇ ಬೆಳಕು ಬಿದ್ದಿರಬೇಕು, ಜೊತೆಗೆ ಒಂದಿಷ್ಟು ಮಣ್ಣೂ.

ಆ ಮಾಡನ್ನು ಯಾರು ಸರಿ ಮಾಡಿದರು ಎಂದು ಮಾರ್ಕ ಬರೆದಿಲ್ಲ. ಆದರೆ ಅಂಥ ಮಣ್ಣಿನ ಮಾಡಿಗೆ ಪ್ರತಿ ವರ್ಷ ಮಳೆಗೆ ಮುಂಚೆ ಮಣ್ಣು ಹಾಕಿ ಗಟ್ಟಿ ಮಾಡಲೇಬೇಕಿತ್ತು. ಮುಚ್ಚುವುದು ಆ ಊರಿನ ಯಾರಿಗೂ ಹೊಸ ಕೆಲಸ ಅಲ್ಲ, ಮೇಲೆ ನಾಲ್ಕು ಜನ ಗಂಡಾಳುಗಳು ಬೇರೆ ಇದ್ದರು. ಇನ್ನೊಂದು ವಿಷಯ ನೋಡು. ಅದು ಯೇಸುವಿನ ಶಿಷ್ಯ ಪೇತ್ರನ ಮನೆ ಇರಬಹುದು ಎಂದು ತುಂಬಾ ಜನ ಓದುತ್ತಾರೆ, ಯೇಸು ಆ ಊರಿಗೆ ಬಂದಾಗ ಉಳಿಯುತ್ತಿದ್ದ ಮನೆ. ಹಾಗಿದ್ದರೆ ಅವರು ಒಡೆದದ್ದು ಯೇಸು ರಾತ್ರಿ ಮಲಗುವ ಮನೆಯ ಮಾಡನ್ನೇ. ಆದರೂ ಯೇಸುವಿನ ಬಾಯಿಂದ ಬಂದ ಮೊದಲ ಮಾತು ‘ಮಗನೇ’.

ಈಗ ನಿನಗೊಂದು ಕೆಲಸ. 12ನೇ ವಚನವನ್ನು ಅಪ್ಪನ ಹತ್ತಿರ ಕೂತು ಗಟ್ಟಿಯಾಗಿ ಓದು. ಒಳಗೆ ಬರಲು ಅವನಿಗೆ ಬಾಗಿಲಿನಲ್ಲಿ ಜಾಗ ಇರಲಿಲ್ಲ. ಹೊರಗೆ ಹೋಗುವಾಗ ಹಾಸಿಗೆ ಹೊತ್ತುಕೊಂಡು, ಎಲ್ಲರ ಕಣ್ಣೆದುರು ಯಾವ ದಾರಿಯಲ್ಲಿ ಹೋಗಿರುತ್ತಾನೆ, ಅವರು ಹೇಗೆ ದಾರಿ ಬಿಟ್ಟಿರುತ್ತಾರೆ, ಅಪ್ಪನನ್ನು ಕೇಳು.